ತಮ್ಮನ ಹೆಸರಿನ ಸುತ್ತ ಕೆಂಪು ಗೆರೆ

ಹೆಮ್ಮಾಡಿಯಲ್ಲಿ ಹೆದ್ದಾರಿಯ ಪಕ್ಕ, ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಹರಿಣಾಕ್ಷಿಯ ಆಫೀಸು. ಕೆಳಗೆ ಟೈರಿಗೆ ಗಾಳಿ ತುಂಬುವಾಗಲೆಲ್ಲ ಅವಳ ಕಿಟಕಿಯ ಗಾಜು ನಡುಗುತ್ತದೆ. ಸೇವಂತಿಗೆಯ ಕಾಲದಲ್ಲಿ ಎದುರಿನ ರಸ್ತೆಬದಿಯಲ್ಲಿ ಹೂವಿನ ಮಾಲೆಗಳ ಅಟ್ಟಿ ಇಟ್ಟುಕೊಂಡವರು ಕೂತಿರುತ್ತಾರೆ. ಉಳಿದ ದಿನಗಳಲ್ಲಿ ಬಸ್ಸುಗಳ ಧೂಳು ಮಾತ್ರ.

ಅಲ್ಲಿ ಕೂತು ಅವಳು ‘ಅಳಿವೆ’ ಎಂಬ ವೆಬ್‌ಸೈಟ್ ನಡೆಸುತ್ತಾಳೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುದ್ದಿ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಇವತ್ತು ಯಾವ ಬಂದರಿಗೆ ಬಂಗುಡೆ ಬಂತು, ಯಾವ ಸೇತುವೆ ರಿಪೇರಿಯಲ್ಲಿದೆ, ತೆಂಗಿನಮರ ಹತ್ತುವವರು ಯಾವ ಊರಿನಲ್ಲಿ ಸಿಗುತ್ತಾರೆ, ನೆಂಟರು ಬಂದರೆ ಎಲ್ಲಿ ಉಳಿಸಬಹುದು ಎಂಬಂಥ ವಿಷಯ. ಮುಂಬೈಯಲ್ಲಿರುವ ಊರಿನವರು ಬೆಳಿಗ್ಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಅದನ್ನು ಓದುತ್ತಾರೆ. ಬಂಗುಡೆಯ ದರ ನೋಡಿ ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ಆದರೂ ಓದುತ್ತಾರೆ.

ಅವಳು ಹುಟ್ಟಿದ್ದು ಹಂಗಾರಕಟ್ಟೆಯಲ್ಲಿ, ಮೀನುಗಾರರ ಮನೆಯಲ್ಲಿ. ಕುಂದಾಪುರದಲ್ಲಿ ಡಿಗ್ರಿ ಮುಗಿಸಿ ಒಂದು ಡಿಟಿಪಿ ಅಂಗಡಿಯಲ್ಲಿ ಮದುವೆ ಕಾಗದ ಟೈಪ್ ಮಾಡುತ್ತಿದ್ದಳು. ಹೋಟೆಲಿನ ಧಣಿಯೊಬ್ಬರು ‘ನಮ್ಗೊಂದ್ ವೆಬ್‌ಸೈಟ್ ಮಾಡಿಕೊಡ್ತ್ಯಾ’ ಎಂದು ಕೇಳಿದಾಗ, ಬರುವುದಿಲ್ಲ ಎನ್ನಲು ನಾಚಿಕೆಯಾಗಿ ಹೂಂ ಎಂದಳು. ಆಮೇಲೆ ಕಲಿತಳು. ಗಂಡ ಶೈಲೇಶ್ ಮೀನಿನ ಲಾರಿ ಓಡಿಸುತ್ತಾನೆ. ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ‘ದಾರಿ ತೋರ್ಸುದ್’ ಎನ್ನುತ್ತಾನೆ. ತಮಾಷೆಗೆ ಹೇಳಿದರೂ ಅದು ನಿಜ.

ಆ ದಾರಿ ತೋರಿಸುವ ಕೆಲಸದಲ್ಲಿ ಓದುವವರ ಕಣ್ಣಿಗೆ ಬೀಳದ ಒಂದು ಭಾಗವಿದೆ. ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಲಿಂಕು ಕೊಟ್ಟರೆ, ಓದುವವರು ಅದನ್ನು ಒತ್ತಿ ಆಚೆ ಹೋಗುತ್ತಾರೆ. ಗೂಗಲ್‌ನಂಥ ಹುಡುಕುವ ಯಂತ್ರವೂ ಅದೇ ಲಿಂಕನ್ನು ಹಿಡಿದು ಹೋಗುತ್ತದೆ. ಹೋಗುವಾಗ ಅದು ಇದನ್ನು ಒಂದು ಶಿಫಾರಸು ಎಂದು ಎಣಿಸಿಕೊಳ್ಳುತ್ತದೆ. ಇವರು ಅವರನ್ನು ತೋರಿಸಿದ್ದಾರೆ, ಹಾಗಾದರೆ ಅವರಲ್ಲಿ ಏನೋ ಇರಬೇಕು ಎಂಬ ಲೆಕ್ಕ. ಲಿಂಕು ಕೊಡುವವರಿಗೆ ಆ ಲೆಕ್ಕ ಬೇಡವಾಗಿದ್ದರೆ, ಕೋಡಿನ ಒಳಗೆ, ಓದುವವರಿಗೆ ಕಾಣದಂತೆ, ಒಂದು ಪದ ಸೇರಿಸಬಹುದು. ‘ನೋಫಾಲೋ’ ಎಂದು ಬರೆದರೆ, ತೋರಿಸುತ್ತಿದ್ದೇನೆ ಅಷ್ಟೆ, ಇದನ್ನು ನನ್ನ ಮಾತು ಎಂದು ತಿಳಿಯಬೇಡ ಎಂದರ್ಥ. ‘ಸ್ಪಾನ್ಸರ್ಡ್’ ಎಂದರೆ ಇದಕ್ಕೆ ಹಣ ಪಡೆದಿದ್ದೇನೆ. ಓದುಗರು ಕಮೆಂಟಿನಲ್ಲಿ ಹಾಕಿಹೋದ ಲಿಂಕಿಗೆ ಬೇರೆಯೇ ಒಂದು ಗುರುತು. ಯಂತ್ರ ಇವನ್ನು ಆಜ್ಞೆ ಎಂದು ತೆಗೆದುಕೊಳ್ಳುವುದಿಲ್ಲ. ಸೂಚನೆ ಎಂದು ನೋಡಿ ತನ್ನ ತೀರ್ಮಾನ ತಾನು ಮಾಡುತ್ತದೆ. ಈ ಕೆಲಸ ಮಾಡುವ ಎಷ್ಟೋ ಜನ ಇದರ ಗೊಡವೆಗೇ ಹೋಗುವುದಿಲ್ಲ. ಹರಿಣಾಕ್ಷಿ ಒಂದೊಂದು ಲಿಂಕಿಗೂ ಕೂತು ಯೋಚಿಸುತ್ತಾಳೆ.

ಅದು ಅವಳಿಗೆ ತಾಯಿಯಿಂದ ಬಂದದ್ದು.

ತಾಯಿ ಸರೋಜ ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಕೂರುವವಳು. ಚಿಕ್ಕಂದಿನಲ್ಲಿ ರಜೆಯ ದಿನ ಹರಿಣಾಕ್ಷಿ ಅವಳ ಪಕ್ಕ ಮಗುಚಿದ ಬುಟ್ಟಿಯ ಮೇಲೆ ಕೂತಿರುತ್ತಿದ್ದಳು. ಗಿರಾಕಿ ಬಂದು ಕಾಣೆ ಮೀನು ಕೇಳುತ್ತಾರೆ, ತಾಯಿಯಲ್ಲಿ ಇಲ್ಲ. ಆಗ ತಾಯಿ ಎರಡರಲ್ಲಿ ಒಂದು ಮಾಡುತ್ತಿದ್ದಳು. ಕೂತಲ್ಲಿಂದಲೇ ಗಲ್ಲ ಚಾಚಿ ಇನ್ನೊಬ್ಬಳ ಬುಟ್ಟಿಯ ಕಡೆ ತೋರಿಸುವುದು. ಇಲ್ಲವೇ ಎದ್ದು ಹೋಗಿ, ಆ ಬುಟ್ಟಿಯ ಮೀನನ್ನು ತಾನೇ ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ಒಳಗಿನ ತಾಜಾ ಕೆಂಪು ತೋರಿಸುವುದು. ಗಲ್ಲ ಚಾಚಿದರೆ, ಅಲ್ಲಿ ಮೀನಿದೆ, ನೋಡಿ ತೆಗೆದುಕೊಳ್ಳುವುದು ನಿಮ್ಮ ಪಾಲಿನದು ಎಂದು. ಕಿವಿರು ಎತ್ತಿದರೆ, ಮೀನು ಹಾಳಾಗಿದ್ದರೆ ನನ್ನಲ್ಲಿಗೆ ಬಂದು ಬಯ್ಯಿರಿ ಎಂದು. ಹಳೇ ಗಿರಾಕಿಗಳಿಗೆ ಇದೆಲ್ಲ ಗೊತ್ತಿತ್ತು.

ಸಾಲಿನ ತುದಿಯಲ್ಲಿ ತಾಯಿಯ ಸ್ವಂತ ತಂಗಿ, ಹರಿಣಾಕ್ಷಿಯ ಚಿಕ್ಕಿ, ಕೂರುತ್ತಿದ್ದಳು. ಚಿಕ್ಕಿಯ ಮೀನಿನ ಕಿವಿರನ್ನು ತಾಯಿ ಒಂದು ದಿನವೂ ಎತ್ತಲಿಲ್ಲ. ಇಡೀ ಮಾರ್ಕೆಟಿನಲ್ಲಿ ಚಿಕ್ಕಿಯ ಅಂಜಲ್ ಮೀನೇ ಹೊಳೆಯುತ್ತಿದ್ದ ದಿನವೂ ಗಲ್ಲ ಮಾತ್ರ. ಆ ಸಾಲಿನ ಯಾವ ಹೆಂಗಸೂ ಒಡಹುಟ್ಟಿದವರ ಮೀನಿನ ಕಿವಿರು ಎತ್ತುತ್ತಿರಲಿಲ್ಲ. ಯಾಕೆ ಎಂದು ಯಾರೂ ಹೇಳಿಕೊಡಲಿಲ್ಲ. ನಮ್ಮವರನ್ನು ನಾವು ಹೊಗಳಬಾರದು, ಹೊಗಳಿದರೆ ಇಬ್ಬರ ಮಾತಿಗೂ ಬೆಲೆ ಇಲ್ಲ ಎಂದು ಅವಳೇ ಅರ್ಥ ಮಾಡಿಕೊಂಡಳು.

ಮುಂದೆ ಎಷ್ಟೋ ವರ್ಷದ ನಂತರ ನೋಫಾಲೋ ಎಂಬ ಪದವನ್ನು ಮೊದಲ ಸಲ ಓದಿದಾಗ ಅವಳಿಗೆ ನಗು ಬಂದಿತ್ತು. ಮೀನು ಮಾರ್ಕೆಟಿನ ಗಲ್ಲ ಕಂಪ್ಯೂಟರಿನೊಳಗೂ ಇದೆಯಲ್ಲ ಎಂದು.

ಹಾಗಾಗಿ ತಮ್ಮ ಯತೀಶನ ದೋಣಿಯ ಲಿಂಕು ಹಾಕುವಾಗ ಅವಳು ಹೆಚ್ಚು ಯೋಚಿಸಲಿಲ್ಲ.

ಯತೀಶ ಮಲ್ಪೆಯ ಆಳಸಮುದ್ರ ಬೋಟಿಗೆ ಹೋಗುತ್ತಿದ್ದವನು. ಒಂದು ದಿನ ಬಲೆ ಎಳೆಯುವ ವಿಂಚಿನ ಹಗ್ಗಕ್ಕೆ ಎಡಗೈ ಸಿಕ್ಕಿ, ಎರಡು ಬೆರಳು ಮಡಚದಂತಾದವು. ಆಸ್ಪತ್ರೆಯಿಂದ ಬಂದವನು ಹಳೆಯ ಮರದ ದೋಣಿಯೊಂದನ್ನು ಕೊಂಡು, ರಿಪೇರಿ ಮಾಡಿಸಿ, ಎಂಜಿನ್ ಕೂರಿಸಿದ. ಹಂಗಾರಕಟ್ಟೆಯಲ್ಲಿ ದೋಣಿಗಳು ತಂಗುವ ಧಕ್ಕೆಯಿಂದ ಜನರನ್ನು ಹೊಳೆಯಲ್ಲಿ ಸುತ್ತಾಡಿಸಿ ತರುವ ಕೆಲಸ ಶುರುಮಾಡಿದ. ಪರವಾನಗಿ ಪಡೆದ, ಲೈಫ್ ಜಾಕೆಟ್ ತಂದ. ಹರಿಣಾಕ್ಷಿ ಅವನಿಗೊಂದು ಪುಟ ಮಾಡಿಕೊಟ್ಟಳು. ‘ಅಳಿವೆ’ಯಲ್ಲಿ ಹೊಳೆ ಸುತ್ತಾಟದ ಬಗ್ಗೆ ಬರೆದ ಪುಟದಲ್ಲಿ ಬೇರೆ ಎರಡು ದೋಣಿಗಳ ಜತೆ ಅವನ ಹೆಸರನ್ನೂ ಸೇರಿಸಿದಳು. ಅವೆರಡಕ್ಕೆ ಯಾವ ಗುರುತೂ ಇಲ್ಲದ ಬರೀ ಲಿಂಕು. ಓದುಗರು ಒಳ್ಳೆಯ ಮಾತು ಬರೆದಿದ್ದರು, ಅದನ್ನು ನಂಬಿದಳು. ತಮ್ಮನ ಲಿಂಕಿಗೆ ನೋಫಾಲೋ. ಗಲ್ಲ ಚಾಚಿದ ಹಾಗೆ. ಹಾಗೆ ಮಾಡಿದ್ದರ ಬಗ್ಗೆ ಅವಳಿಗೆ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಎರಡನೇ ಬೇಸಿಗೆ ಬರುವ ಹೊತ್ತಿಗೆ ಯತೀಶನ ದೋಣಿ ಹೆಚ್ಚಿನ ದಿನ ಧಕ್ಕೆಯಲ್ಲೇ ಕಟ್ಟಿಕೊಂಡಿರುತ್ತಿತ್ತು. ಹೊರಗಿನಿಂದ ಬರುವವರು ಮೊಬೈಲಿನಲ್ಲಿ ಹುಡುಕಿ, ಮೊದಲು ಕಂಡ ಹೆಸರಿಗೆ ಫೋನ್ ಮಾಡುತ್ತಾರೆ. ಮೊದಲು ಕಾಣುವ ಹೆಸರು ಅವನದಾಗಿರಲಿಲ್ಲ. ಮೇ ತಿಂಗಳಲ್ಲಿ ಮಲ್ಪೆಯ ಬೋಟಿನ ಧಣಿ ಹೇಳಿಕಳಿಸಿದರು. ಹಗ್ಗ ಎಳೆಯುವುದು ಬೇಡ, ಬೋಟಿನಲ್ಲಿ ಅಡುಗೆ ನೋಡಿಕೊಂಡರೆ ಸಾಕು, ಆದರೆ ಮಳೆ ಹಿಡಿಯುವ ಮೊದಲು ಮಾತು ಕೊಡಬೇಕು. ಗಂಗೊಳ್ಳಿಯ ಒಬ್ಬರು ದೋಣಿಯನ್ನು ಕೊಳ್ಳಲು ಸಿದ್ಧವಿದ್ದರು. ಯತೀಶ ಇಬ್ಬರಿಗೂ ಬೇಡ ಎನ್ನಲಿಲ್ಲ.

ವಾರಗಟ್ಟಲೆ ನೀರಿನ ಮೇಲಿರುವ ಬೋಟು, ಅದರಲ್ಲಿ ಸರಿಯಾಗಿ ಹಿಡಿತವಿಲ್ಲದ ಒಂದು ಕೈ. ಸರೋಜ ಈ ಬಗ್ಗೆ ಯಾರೊಡನೆಯೂ ಮಾತಾಡಲಿಲ್ಲ. ಮಗಳು ಫೋನ್ ಮಾಡಿದಾಗ ಮಾತ್ರ, ಬೇರೆ ಏನೇ ವಿಷಯವಿರಲಿ, ಮೊದಲು “ಅವ ಎಂತ ಹೇಳ್ದ?” ಎಂದು ಕೇಳುತ್ತಿದ್ದಳು.

ಯತೀಶನ ಹೆಂಡತಿ ಮೋಕ್ಷಿತಾ ಬೆಳಗಿನ ಹೊತ್ತು ಹರಿಣಾಕ್ಷಿಯ ಆಫೀಸಿಗೆ ಬಂದು ಮೀನಿನ ದರ ಟೈಪ್ ಮಾಡುತ್ತಾಳೆ. ಗಂಡನ ಅಕ್ಕನನ್ನು ಅತ್ತಿಗೆ ಎಂದು ಕರೆಯುತ್ತಾಳೆ. ಆ ದಿನ ಪ್ರಖ್ಯಾತ ಬಂದಾಗಲೂ ಅವಳು ಕಿಟಕಿಯ ಹತ್ತಿರದ ಕಂಪ್ಯೂಟರಿನಲ್ಲಿ ಕೂತಿದ್ದಳು.

ಪ್ರಖ್ಯಾತ ಬಿಜೂರಿನವನು. ತಂದೆ ಭೋಜರಾಜರಿಗೆ ಮುಂಬೈಯಲ್ಲಿ ಹೋಟೆಲು. ಮಗ ಊರಿಗೆ ಬಂದು ತೆಂಗಿನ ತೋಟದ ನಡುವೆ ಹೋಮ್‌ಸ್ಟೇ ಮಾಡಿದ್ದ. ಅದರ ಬಗ್ಗೆ ‘ಅಳಿವೆ’ಯಲ್ಲಿ ಹಣ ಕೊಟ್ಟು ಒಂದು ಲೇಖನ ಹಾಕಿಸಿದ್ದ. ಹರಿಣಾಕ್ಷಿ ತನ್ನ ಪದ್ಧತಿಯಂತೆ ಮೇಲೆ ‘ಇದು ಜಾಹೀರಾತು’ ಎಂದು ಬರೆದು, ಲಿಂಕಿಗೆ ಸ್ಪಾನ್ಸರ್ಡ್ ಗುರುತು ಹಾಕಿದ್ದಳು.

“ಹ್ವಾಯ್ ಹರಿಣಕ್ಕ, ನಾನ್ ನಿಮ್ಗ್ ಎಂತ ದ್ರೋಹ ಮಾಡಿದೆ ಅಂದೇಳಿ ಕೇಂಬುಕೆ ಬಂದೆ” ಎನ್ನುತ್ತ ಅವನು ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪ್ ತೆರೆದ.

ಬ್ರೌಸರಿನಲ್ಲಿ ಅವನು ಒಂದು ಚಿಕ್ಕ ಸಲಕರಣೆ ಸೇರಿಸಿಕೊಂಡಿದ್ದ. ಯಾವ ಲಿಂಕಿನ ಹಿಂದೆ ಇಂಥ ಗುರುತು ಅಡಗಿದೆಯೋ ಅದರ ಸುತ್ತ ಕೆಂಪು ಚುಕ್ಕಿಗೆರೆಯ ಚೌಕ ಮೂಡಿಸುವ ಸಲಕರಣೆ. ಅವನ ಹೋಮ್‌ಸ್ಟೇಯ ಹೆಸರು ಆ ಚೌಕದೊಳಗಿತ್ತು.

“ಕಾಣಿ. ದುಡ್ಡ್ ಕೊಟ್ಟವ್ನಿಗ್ ಬೇಲಿ, ಕೊಡ್ದಿದ್ದವ್ರಿಗ್ ಬಾಗ್ಲ್ ತೆಗ್ದಿತ್ತ್. ಇದೆಂತ ವ್ಯಾಪಾರ ಮರ್ರೆ?”

ಹರಿಣಾಕ್ಷಿ ನಕ್ಕು, ವ್ಯಾಪಾರ ಅಂದರೆ ಅದೇ ಎಂದಳು. ಹಣ ಪಡೆದು ತೋರಿಸಿದ್ದನ್ನು ಹಣ ಪಡೆಯದೆ ತೋರಿಸಿದಂತೆ ಯಂತ್ರಕ್ಕೆ ಹೇಳುವುದು ಸುಳ್ಳು. ಸಿಕ್ಕಿಬಿದ್ದರೆ ಅವನ ಪುಟಕ್ಕೂ ಅವಳ ಪುಟಕ್ಕೂ ಕೆಡುಕು ಎಂದು ವಿವರಿಸಿದಳು. ಜನರೇನೋ ಲಿಂಕು ಒತ್ತಿ ಬಂದೇ ಬರುತ್ತಾರೆ, ಅದಕ್ಕೇನೂ ಅಡ್ಡಿಯಿಲ್ಲ ಎಂದಳು. ಅವನು ಒಪ್ಪಲಿಲ್ಲ. ಬೇರೆ ಕಡೆ ಯಾರೂ ಇಷ್ಟು ಕಟ್ಟುನಿಟ್ಟು ಮಾಡುವುದಿಲ್ಲ, ನಿಮ್ಮಲ್ಲೇ ಗೆರೆಯಿಲ್ಲದ ಹೆಸರುಗಳು ಎಷ್ಟಿವೆ ತೋರಿಸುತ್ತೇನೆ ಎಂದು ಒಂದೊಂದೇ ಪುಟ ತೆರೆಯತೊಡಗಿದ. ಮದುವೆ ಹಾಲ್‌ಗಳಿಗೆ ಗೆರೆಯಿಲ್ಲ. ಮರ ಹತ್ತುವವರಿಗೆ ಗೆರೆಯಿಲ್ಲ. ಹೊಳೆ ಸುತ್ತಾಟದ ಪುಟ ಬಂತು. ಅಲ್ಲಿ ಎರಡು ದೋಣಿಗಳ ಹೆಸರುಗಳು ಬೋಳಾಗಿದ್ದವು. ಮೂರನೆಯದರ ಸುತ್ತ ಕೆಂಪು ಚೌಕ.

“ಇವ್ರೂ ದುಡ್ಡ್ ಕೊಟ್ಟಿದ್ರಾ?” ಎಂದು ಅವನು ಸಹಜವಾಗಿ ಕೇಳಿದ. ಮತ್ತೆ ಹೆಸರು ಓದಿದ. “ಇದ್ ನಿಮ್ ತಮ್ಮ ಅಲ್ದಾ?”

ಕಿಟಕಿಯ ಹತ್ತಿರ ಕೀಬೋರ್ಡಿನ ಸದ್ದು ನಿಂತಿತು. ಮೋಕ್ಷಿತಾ ಎದ್ದು ಬಂದು ಅವನ ಹಿಂದೆ ನಿಂತು ನೋಡಿದಳು.

ಹರಿಣಾಕ್ಷಿ ಹೌದು ಎಂದಳು. ತಮ್ಮನಾದ್ದರಿಂದಲೇ ಹಾಕಿದ್ದು ಎಂದಳು. ಕೋಣೆಯಲ್ಲಿ ಆ ಮಾತು ಅವಳು ಅಂದುಕೊಂಡಿದ್ದಂತೆ ಕೇಳಿಸಲಿಲ್ಲ.

ಪ್ರಖ್ಯಾತ ಲ್ಯಾಪ್‌ಟಾಪ್ ಮುಚ್ಚಿದ. ವಾದ ಮಾಡಲು ಬಂದದ್ದನ್ನು ಮರೆತವನ ಹಾಗೆ ಎದ್ದು ನಿಂತ. ಬಾಗಿಲ ಹತ್ತಿರ ತಿರುಗಿ, “ನನ್ ಹೆಸ್ರಿನ್ ಮೇಲ್ ಇದ್ದದ್ ನಿಜ ಹರಿಣಕ್ಕ, ನಾನ್ ದುಡ್ಡ್ ಕೊಟ್ಟಿದ್ದೆ. ಆದ್ರೆ ನಿಮ್ ತಮ್ಮನ್ ಹೆಸ್ರಿನ್ ಮೇಲ್ ಇದ್ದದ್ ನಿಜವಾ?” ಎಂದು ಮೆಲ್ಲಗೆ ಕೇಳಿ ಇಳಿದುಹೋದ.

ಮೋಕ್ಷಿತಾ ಮರಳಿ ಕೂತು ಬಾಕಿ ಇದ್ದ ದರಗಳನ್ನು ಕೊನೆಯವರೆಗೆ ಟೈಪ್ ಮಾಡಿದಳು. ಕಂಪ್ಯೂಟರ್ ಆರಿಸಿದಳು. ಆಮೇಲೆ, ಆ ಗುರುತಿನ ಅರ್ಥ ಏನು ಎಂದು ಕೇಳಿದಳು. ಹರಿಣಾಕ್ಷಿ ಸುತ್ತುಬಳಸದೆ ಹೇಳಿದಳು. ಇವರ ಪರವಾಗಿ ನಾನು ಮಾತು ಕೊಡುವುದಿಲ್ಲ ಎಂದು ಅರ್ಥ.

ಮೋಕ್ಷಿತಾ ಚೀಲ ಹೆಗಲಿಗೆ ಹಾಕಿಕೊಂಡಳು.

“ಅವ್ರ ದೋಣಿಲಿ ನೀವ್ ಒಂದ್ ಸಲನೂ ಕೂಕಂಡಿಲ್ಲ ಅಲ್ದಾ ಅತ್ತಿಗೆ?”

ಮರುದಿನ ಅವಳು ಬರಲಿಲ್ಲ. ಜ್ವರ ಎಂದು ಮೊಬೈಲಿನಲ್ಲಿ ಒಂದು ಸಾಲು ಬಂತು. ಮೀನಿನ ದರಗಳನ್ನು ಹರಿಣಾಕ್ಷಿಯೇ ಟೈಪ್ ಮಾಡಿದಳು, ಎರಡು ಕಡೆ ತಪ್ಪಿದಳು. ಮುಂಬೈಯಿಂದ ಯಾರೋ, ಅಗ್ಗದ ಬೈಗೆ ಮೀನಿಗೆ ದುಬಾರಿ ಅಂಜಲಿನ ದರ ಯಾವಾಗಿಂದ ಬಂತು ಎಂದು ಕಮೆಂಟು ಹಾಕಿದರು.

ಮೋಕ್ಷಿತಾ ಕೇಳಿದ್ದು ನಿಜ. ತಮ್ಮನ ದೋಣಿಯಲ್ಲಿ ಅವಳು ಕೂತಿರಲಿಲ್ಲ. ತಾನು ಹೋದರೆ ಅವನು ಹಣ ತೆಗೆದುಕೊಳ್ಳುವುದಿಲ್ಲ, ಡೀಸೆಲ್ ಸುಮ್ಮನೆ ಖರ್ಚಾಗುತ್ತದೆ, ಒಬ್ಬ ಗಿರಾಕಿಯ ಜಾಗ ಹೋಗುತ್ತದೆ ಎಂದು ದೂರವೇ ಉಳಿದಿದ್ದಳು. ಹಾಗೆ ದೂರ ಉಳಿದದ್ದನ್ನೂ ಒಳ್ಳೆಯ ಗುಣ ಎಂದೇ ತಿಳಿದಿದ್ದಳು.

ಅವಳು ಬಸ್ಸು ಹತ್ತಿ ಕುಂದಾಪುರದ ಮಾರ್ಕೆಟಿಗೆ ಹೋದಳು. ಬೆಳಗಿನ ಗದ್ದಲ ಇಳಿದಿತ್ತು. ಸರೋಜ ಉಳಿದ ಬಂಗುಡೆಯ ಮೇಲೆ ಐಸಿನ ಚೂರು ಹರಡುತ್ತಿದ್ದಳು. ಮಗಳನ್ನು ಕಂಡ ಕೂಡಲೇ “ಅವ ಎಂತ ಹೇಳ್ದ?” ಎಂದಳು. ಏನೂ ಹೇಳಿಲ್ಲ ಎಂದು ಹರಿಣಾಕ್ಷಿ ಪಕ್ಕದಲ್ಲಿ ಕೂತಳು. ಚಿಕ್ಕಿಯ ಮೀನಿನ ಕಿವಿರನ್ನು ನೀನು ಯಾಕೆ ಎತ್ತಿ ತೋರಿಸುತ್ತಿರಲಿಲ್ಲ ಎಂದು ಕೇಳಿದಳು.

ಸರೋಜ ಐಸಿನ ಕೈ ಸೀರೆಗೆ ಒರೆಸಿಕೊಂಡು ಮಗಳ ಮುಖ ನೋಡಿದಳು. ಇದೇನು ಈಗ ಈ ಪ್ರಶ್ನೆ ಎನ್ನುವ ನೋಟ. ಅಷ್ಟರಲ್ಲಿ ಒಬ್ಬಳು ಗಿರಾಕಿ ಬಂದು ಕಾಣೆ ಇದೆಯೇ ಎಂದು ವಿಚಾರಿಸಿದಳು. ಸರೋಜ ಕೂತಲ್ಲಿಂದಲೇ ಸಾಲಿನ ತುದಿಗೆ ಗಲ್ಲ ಚಾಚಿದಳು. ತುದಿಯಲ್ಲಿ, ಈಗ ಕೂದಲು ಬೆಳ್ಳಗಾದ ಚಿಕ್ಕಿ ಕೂತಿದ್ದಳು.

“ಅಲ್ಲಿತ್ತ್ ಕಾಣಿ. ಅದ್ ನನ್ ತಂಗಿ. ಹಾಳ್ ಮೀನ್ ಕೊಟ್ಟದ್ ನಾನಂತೂ ಕಾಣ್ಲಿಲ್ಲ. ನೀವೇ ಕಿವಿರ್ ಎತ್ತಿ ಕಂಡ್ ತಕಣಿ.”

ಗಿರಾಕಿ ಹೋಗಿ, ತಾನೇ ಕಿವಿರು ಎತ್ತಿ ನೋಡಿ, ಚೌಕಾಸಿಗೆ ಕೂತಳು.

ಹರಿಣಾಕ್ಷಿ ತಾಯಿಯನ್ನು ನೋಡುತ್ತಲೇ ಇದ್ದಳು. ನೀನು ಯಾವಾಗಲೂ ಹೀಗೆ ಹೇಳುತ್ತಿದ್ದೆಯಾ ಎಂದು ಕೇಳಿದಳು. ಮತ್ತೆ ಹೇಗೆ ಹೇಳುವುದು ಎಂದಳು ಸರೋಜ. ತಂಗಿ ಎಂದು ಹೇಳದೆ ಕಿವಿರು ಎತ್ತಿದರೆ ಮೋಸ. ಹೇಳಿದ ಮೇಲೆ ಎತ್ತುವ ಅಗತ್ಯವೇ ಇಲ್ಲ. ಇದರಲ್ಲಿ ಕೇಳುವುದಕ್ಕೆ ಏನಿದೆ?

ಮಗುಚಿದ ಬುಟ್ಟಿಯ ಮೇಲೆ ಕೂತಿದ್ದ ಹುಡುಗಿಗೆ ತಾಯಿಯ ಗಲ್ಲ ಕಾಣುತ್ತಿತ್ತು. ಎತ್ತರದಲ್ಲಿ, ದೊಡ್ಡವರ ಮುಖಗಳ ಮಟ್ಟದಲ್ಲಿ ನಡೆಯುತ್ತಿದ್ದ ಮಾತು ಆ ಗದ್ದಲದಲ್ಲಿ ಅವಳವರೆಗೆ ಇಳಿದು ಬಂದಿರಲಿಲ್ಲ. ಅರ್ಧ ನೋಡಿ ಕಲಿತದ್ದನ್ನು ಅವಳು ಇಷ್ಟು ವರ್ಷ ಪೂರ್ತಿ ಎಂದುಕೊಂಡಿದ್ದಳು. ಚಿಕ್ಕಿಯ ಬಗ್ಗೆ ತಾಯಿ ಸುಮ್ಮನಿದ್ದವಳೇ ಅಲ್ಲ. ಸಂಬಂಧವನ್ನು ಮೊದಲು ಹೇಳಿ, ತಾನು ಕಂಡದ್ದನ್ನು ಆಮೇಲೆ ಹೇಳಿ, ಉಳಿದದ್ದನ್ನು ಗಿರಾಕಿಯ ಕಣ್ಣಿಗೆ ಬಿಟ್ಟವಳು.

ತಾನು ಏನು ಮಾಡಿದ್ದಳು? ಸಂಬಂಧವನ್ನು ಓದುಗರಿಗೆ ಹೇಳಿರಲಿಲ್ಲ. ಇವನನ್ನು ನಾನು ಬಲ್ಲವಳಲ್ಲ ಎಂದು ಯಂತ್ರಕ್ಕೆ ಗುಟ್ಟಾಗಿ ಹೇಳಿದ್ದಳು.

ಆದರೂ ಅವಳು ಆ ದಿನವೇ ಹೋಗಿ ಗುರುತು ತೆಗೆಯಲಿಲ್ಲ. ತಾಯಿ ತಾನು ಕಂಡದ್ದನ್ನು ಹೇಳಿದ್ದಳು. ಹರಿಣಾಕ್ಷಿ ಏನು ಕಂಡಿದ್ದಳು? ಬೇರೆ ಯಾರದೋ ದೋಣಿಯಾಗಿದ್ದರೆ ಇದನ್ನು ತೋರಿಸುತ್ತಿದ್ದೆನೇ ಎಂಬುದನ್ನು ಒಮ್ಮೆ ಕೂತು ನೋಡದೆ ಹೇಳುವಂತಿರಲಿಲ್ಲ.

ಭಾನುವಾರ ಯಾರಿಗೂ ಹೇಳದೆ ಹಂಗಾರಕಟ್ಟೆಗೆ ಹೋದಳು. ಧಕ್ಕೆಯಲ್ಲಿ ಶಿವಮೊಗ್ಗದ ಕಡೆಯ ಒಂದು ಕುಟುಂಬ ಯತೀಶನ ದೋಣಿ ಹತ್ತಲು ನಿಂತಿತ್ತು. ಗಂಡ, ಹೆಂಡತಿ, ಒಂದು ಪುಟ್ಟ ಹೆಣ್ಣುಮಗು. ಅವರ ಹಿಂದೆ ಅಕ್ಕ ನಿಂತದ್ದನ್ನು ಕಂಡು ಯತೀಶನ ಹುಬ್ಬು ಮೇಲೇರಿತು. ಅವಳ ಕೈಗೂ ಒಂದು ಲೈಫ್ ಜಾಕೆಟ್ ಕೊಟ್ಟ.

ಒಬ್ಬೊಬ್ಬರ ಮುಂದೆಯೂ ಬಗ್ಗಿ ಅವನು ಪಟ್ಟಿ ಬಿಗಿದ. ಮಡಚದ ಬೆರಳುಗಳು ಬಕ್ಕಲಿನ ಮೇಲೆ ಜಾರುತ್ತಿದ್ದವು. ಅವನು ಅವಸರ ಮಾಡಲಿಲ್ಲ. ಮಗುವಿಗೆಂದೇ ಇಟ್ಟಿದ್ದ ಚಿಕ್ಕ ಜಾಕೆಟನ್ನು ಹಾಕಿ, ಹೆಗಲಿನ ಹತ್ತಿರ ಹಿಡಿದೆತ್ತಿ ನೋಡಿದ. ಅದು ಕುತ್ತಿಗೆಗೆ ಏರಿತು. ಬಿಚ್ಚಿ ಮತ್ತೆ ಕಟ್ಟಿದ. ಎಂಜಿನ್ ಶುರುವಾಯಿತು.

ಸೀತೆ ಮತ್ತು ಸ್ವರ್ಣೆ ಎರಡೂ ಹೊಳೆಗಳು ಸೇರಿ ಸಮುದ್ರಕ್ಕೆ ಹೋಗುವ ಜಾಗ ಅದು. ಬಿಸಿಲಿಗೆ ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಗಂಡಸಿಗೆ ಅಳಿವೆಯ ಬಾಯಿಯನ್ನು, ಹೊಳೆಯ ನೀರು ಕಡಲಿಗೆ ಬೀಳುವ ತಾಣವನ್ನು, ಹತ್ತಿರದಿಂದ ನೋಡುವ ಆಸೆ. ಯತೀಶ ನೀರನ್ನೂ ದಡದ ಕೆಸರಿನ ಮೇಲಿನ ಒದ್ದೆ ಗೆರೆಯನ್ನೂ ನೋಡಿದ. ಕಡಲಿನ ಇಳಿತ ಶುರುವಾಗಿದೆ, ಈಗ ಅಲ್ಲಿ ಸೆಳೆತ ಜಾಸ್ತಿ, ಹೋಗುವುದಿಲ್ಲ ಎಂದ. ಗಂಡಸು ಇನ್ನಷ್ಟು ಹಣ ಕೊಡುತ್ತೇನೆ ಎಂದರು. ಅಗೋ ಆ ದೋಣಿ ಹೋಗುತ್ತಿದೆಯಲ್ಲ ಎಂದು ಬೆರಳು ತೋರಿಸಿದರು.

“ಹೋದ್ದ್ ಕಂಡ್ರಿ ಅಲ್ದಾ, ವಾಪಾಸ್ ಬಪ್ಪುದನ್ನೂ ಒಂಚೂರ್ ಕಾಣಿ” ಎಂದು ಯತೀಶ ದೋಣಿಯನ್ನು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಕಡೆಗೆ ತಿರುಗಿಸಿದ.

ಗಂಡಸು ಮುಖ ಬಿಗಿದುಕೊಂಡರು. ಮಗು ಮಾತ್ರ ಕಾಂಡ್ಲಾದ ಬೇರುಗಳ ನಡುವೆ ಓಡುವ ಕೆಂಪು ಏಡಿಗಳನ್ನು ಕಂಡು ಕುಣಿಯಿತು. ಯತೀಶ ಎಂಜಿನ್ ನಿಲ್ಲಿಸಿ, ಹುಟ್ಟು ಹಾಕುತ್ತ, ಏಡಿಗಳು ಹೆದರದಷ್ಟು ಮೆಲ್ಲಗೆ ಹತ್ತಿರ ಹೋದ. ತಿರುಗಿ ಬರುವಾಗ ಆ ಇನ್ನೊಂದು ದೋಣಿಯೂ ಮರಳುತ್ತಿತ್ತು. ಎಂಜಿನ್ ಅರಚುತ್ತಿತ್ತು, ಮೂಗು ಎದ್ದು ಎದ್ದು ಬೀಳುತ್ತಿತ್ತು. ಅದರಲ್ಲಿದ್ದವರು ಪೂರ್ತಿ ಒದ್ದೆಯಾಗಿ ನಗುತ್ತಿದ್ದರು. ಜಾಕೆಟುಗಳು ಅವರ ತೊಡೆಯ ಮೇಲಿದ್ದವು. ದೋಣಿಯ ಪಕ್ಕದಲ್ಲಿ ಬರೆದ ಹೆಸರನ್ನು ಹರಿಣಾಕ್ಷಿ ಓದಿದಳು. ಅವಳ ಪುಟದಲ್ಲಿ ಗೆರೆಯಿಲ್ಲದೆ ಬೋಳಾಗಿದ್ದ ಎರಡು ಹೆಸರುಗಳಲ್ಲಿ ಅದೊಂದು.

ಯಾರಿಗೂ ಏನೂ ಆಗಲಿಲ್ಲ. ಶಿವಮೊಗ್ಗದ ಗಂಡಸು ಆ ದೋಣಿ ಧಕ್ಕೆಗೆ ತಾಗುವವರೆಗೂ ಅದನ್ನೇ ನೋಡುತ್ತಿದ್ದು, ಆಮೇಲೆ ಮಗುವಿನ ಜಾಕೆಟಿನ ಪಟ್ಟಿಯನ್ನು ತಾವೇ ಮುಟ್ಟಿ ನೋಡಿದರು.

ಅವರು ಇಳಿದು ಹೋದ ಮೇಲೆ ಹರಿಣಾಕ್ಷಿ ಹಣ ಚಾಚಿದಳು.

“ಅಕ್ಕ, ನಿಂಗ್ ತಲೆ ಸಮ ಇತ್ತಾ?”

“ತಕೋ. ಇವತ್ ನಾನ್ ಗಿರಾಕಿ.”

ಯತೀಶ ತೆಗೆದುಕೊಂಡು, ಚಿಲ್ಲರೆ ಮರಳಿಸಿದ. ಹಗ್ಗವನ್ನು ಗೂಟಕ್ಕೆ ಸುತ್ತುತ್ತ, ಅವಳ ಕಡೆ ನೋಡದೆ, “ಮೋಕ್ಷಿತಾ ಹೇಳ್ತ್, ನೀ ನನ್ ಹೆಸ್ರಿಗ್ ಎಂತದೋ ಹಾಕಿದ್ಯಂಬ್ರ್” ಎಂದ.

ಹಾಕಿದ್ದೆ, ತೆಗೆಯುತ್ತೇನೆ ಎಂದಳು. ತೆಗೆಯುವ ಮೊದಲು ಒಂದು ಕೆಲಸವಿದೆ, ನೀನು ನನ್ನ ತಮ್ಮ ಎಂದು ಪುಟದ ಮೇಲೆ ಬರೆಯುತ್ತೇನೆ ಎಂದಳು.

ಯತೀಶ ಆಗ ತಲೆಯೆತ್ತಿದ. “ನೀ ನನ್ನಕ್ಕ ಅಂದೇಳಿ ಗೊತ್ತಾರೆ ಬಪ್ಪವ್ರೂ ಬಪ್ಪುದಿಲ್ಲ” ಎಂದು ನಕ್ಕ. ಎಷ್ಟೋ ದಿನಗಳ ಮೇಲೆ ಅವನು ಅವಳ ಮುಂದೆ ನಕ್ಕದ್ದು.

ಇದರಿಂದ ಏನಾಗುತ್ತದೆ ಎಂದು ಅವನು ಕೇಳಿದಾಗ ಅವಳು ಆಸೆ ಹುಟ್ಟಿಸಲಿಲ್ಲ. ಯಂತ್ರ ತನಗೆ ಬೇಕಾದಾಗ ಬರುತ್ತದೆ, ನೂರಾರು ವಿಷಯ ತೂಗುತ್ತದೆ, ಅದರಲ್ಲಿ ‘ಅಳಿವೆ’ಯ ಮಾತು ಒಂದು ಚಿಟಿಕೆ ಮಾತ್ರ. ಏನೂ ಆಗದೆಯೂ ಇರಬಹುದು. ಹಾಗಾದರೆ ಯಾಕೆ ತೆಗೆಯುವುದು ಎಂದು ಅವನು ಕೇಳಲಿಲ್ಲ. ಮಲ್ಪೆಗೆ ಹೋಗುತ್ತೀಯಾ ಎಂದು ಅವಳೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಹೊಳೆ ಸುತ್ತಾಟದ ಪುಟ ತೆರೆದು ತಮ್ಮನ ಹೆಸರಿನ ಕೆಳಗೆ ಹೀಗೆ ಬರೆದಳು:

‘ಯತೀಶ್ ನನ್ನ ತಮ್ಮ. ಆದ್ದರಿಂದ ನಾನು ಹೇಳುವುದನ್ನು ಸ್ವಲ್ಪ ಕಳೆದು ಓದಿ. ಮೇ ತಿಂಗಳ ಒಂದು ಭಾನುವಾರ ಹಣ ಕೊಟ್ಟು ಅವನ ದೋಣಿಯಲ್ಲಿ ಕೂತೆ. ಜಾಕೆಟ್ ಕಟ್ಟುವಾಗ ಅವನು ತುಂಬಾ ಹೊತ್ತು ತೆಗೆದುಕೊಳ್ಳುತ್ತಾನೆ. ಇಳಿತ ಶುರುವಾದ ಮೇಲೆ ಅಳಿವೆಯ ಬಾಯಿಗೆ ಹೋಗುವುದಿಲ್ಲ, ಒತ್ತಾಯಿಸಿದರೂ ಹೋಗುವುದಿಲ್ಲ. ಹೋಗಲೇಬೇಕು ಎನ್ನುವವರು ಬೇರೆ ದೋಣಿ ನೋಡಿಕೊಳ್ಳಿ.’

ಆಮೇಲೆ ಕೋಡಿನೊಳಗೆ ಹೋಗಿ ನೋಫಾಲೋ ಎಂಬ ಪದವನ್ನು ಅಳಿಸಿದಳು. ಉಳಿದ ಎರಡು ದೋಣಿಗಳಿಗೆ ಅದನ್ನೇ ಸೇರಿಸಿದಳು. ಅವುಗಳ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ‘ಇವುಗಳಲ್ಲಿ ನಾನು ಇನ್ನೂ ಕೂತಿಲ್ಲ’ ಎಂದು ಬರೆದಳು. ಒಂದರಲ್ಲಿ ಜಾಕೆಟುಗಳು ತೊಡೆಯ ಮೇಲಿದ್ದದ್ದನ್ನು ಕಂಡೆ ಎಂದೂ ಬರೆದಳು. ಎಲ್ಲ ಸೇರಿ ಚಹಾ ಆರುವಷ್ಟು ಹೊತ್ತಿನ ಕೆಲಸ. ಕೆಳಗೆ ಯಾರದೋ ಟೈರಿಗೆ ಗಾಳಿ ತುಂಬುತ್ತಿದ್ದರು.

ಬುಧವಾರ ಮೋಕ್ಷಿತಾ ಬಂದಳು. ಚೀಲ ಇಟ್ಟು, ಕಂಪ್ಯೂಟರ್ ಹಚ್ಚಿ, ದರದ ಪುಟದ ಬದಲು ಮೊದಲು ಆ ಪುಟವನ್ನು ತೆರೆದು ಓದಿದಳು. ಎರಡು ಸಲ ಓದಿದಳು ಎಂದು ಹರಿಣಾಕ್ಷಿಗೆ ಬೆನ್ನಿನಿಂದಲೇ ಗೊತ್ತಾಯಿತು.

“ಅತ್ತಿಗೆ, ಈ ‘ಕಳೆದು ಓದಿ’ ಅಂಬುದ್ ಬೇಕಿತ್ತಾ?”

“ಬೇಕಿತ್ತ್.”

“ಇರ್ಲಿ ಬಿಡಿ” ಎಂದು ಮೋಕ್ಷಿತಾ ಬಂಗುಡೆಯ ದರ ಟೈಪ್ ಮಾಡತೊಡಗಿದಳು. ಸ್ವಲ್ಪ ಹೊತ್ತಿನ ನಂತರ, ನೀವು ದರದಲ್ಲಿ ಮಾಡಿದ ತಪ್ಪಿಗೆ ಮುಂಬೈಯವರು ಇನ್ನೂ ನಗುತ್ತಿದ್ದಾರೆ ಎಂದಳು.

ಪ್ರಖ್ಯಾತ ತಿಂಗಳ ಕೊನೆಗೆ ಫೋನ್ ಮಾಡಿದ. ತನ್ನ ಬೇಲಿ ಹಾಗೇ ಇರಲಿ ಎಂದ. ಹಂಗಾರಕಟ್ಟೆಗೆ ಹೋಗಿ ನಾನೂ ಆ ದೋಣಿಯಲ್ಲಿ ಕೂತು ಬಂದೆ, ಅಳಿವೆಯ ಬಾಯಿಗೆ ಕರೆದುಕೊಂಡು ಹೋಗೆಂದು ಬೇಕಂತಲೇ ಪೀಡಿಸಿ ನೋಡಿದೆ, ಬಯ್ಸಿಕೊಂಡೆ ಎಂದ. ಹರಿಣಾಕ್ಷಿ ಅವನ ಹೋಮ್‌ಸ್ಟೇಯ ಪುಟ ತೆರೆದಳು. ಸುತ್ತಮುತ್ತ ನೋಡಬೇಕಾದ ಜಾಗಗಳ ಕೊನೆಯಲ್ಲಿ ಯತೀಶನ ದೋಣಿಯ ಹೆಸರಿತ್ತು. ಅಭ್ಯಾಸದಂತೆ ಕೋಡಿನೊಳಗೆ ಇಣುಕಿದಳು. ಆ ಹೆಸರಿನ ಹಿಂದೆ ಯಾವ ಗುರುತೂ ಇರಲಿಲ್ಲ. ಅವನಿಗೆ ಯತೀಶ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಆದ್ದರಿಂದ ಕಳೆದು ಓದಿ ಎನ್ನುವ ಅಗತ್ಯವೂ ಅವನಿಗಿರಲಿಲ್ಲ.

ಬೇಸಿಗೆ ಮುಗಿಯುತ್ತ ಬಂದದ್ದರಿಂದ ಗಿರಾಕಿಗಳೇನೂ ಸಾಲುಗಟ್ಟಲಿಲ್ಲ. ಬಿಜೂರಿನಿಂದ ಕೆಲವರು ಬಂದರು. ಮಳೆ ಮುಗಿದ ಮೇಲೆ ಬರುತ್ತೇವೆ ಎಂದು ಒಂದೆರಡು ಕಡೆಯಿಂದ ಫೋನ್ ಬಂತು. ಮಕ್ಕಳನ್ನು ಕರೆತರುತ್ತೇವೆ, ಜಾಕೆಟ್ ನಿಧಾನವಾಗಿ ಕಟ್ಟುವವರು ನೀವೇ ಅಲ್ಲವೇ ಎಂದು ಒಬ್ಬ ಹೆಂಗಸು ಕೇಳಿದರಂತೆ.

ಜೂನಿನ ಮೊದಲ ಮೋಡ ಕವಿದ ದಿನ ಗಂಗೊಳ್ಳಿಯವರು ದೋಣಿ ಕೊಳ್ಳಲು ಹಂಗಾರಕಟ್ಟೆಗೆ ಬಂದರು. ಮಾರುವ ದೋಣಿಯನ್ನು ಮಳೆಗೆ ಮೊದಲೇ ನೀರಿನಲ್ಲೇ ಸಾಗಿಸಿಬಿಡಬೇಕು. ಇಟ್ಟುಕೊಳ್ಳುವ ದೋಣಿಯನ್ನು ದಡಕ್ಕೆ ಎಳೆದು ತೆಂಗಿನ ಗರಿಯ ಮಡಲು ಹೊದೆಸಬೇಕು. ಅವರು ಬಂದಾಗ ದೋಣಿ ದಡದಲ್ಲಿತ್ತು. ಯತೀಶ ಅದರ ಬೆನ್ನೇರಿ ಕೂತು ಮಡಲಿನ ಮೇಲೆ ಹಗ್ಗ ಬಿಗಿಯುತ್ತಿದ್ದ. ಹಗ್ಗದ ಒಂದು ತುದಿ ಅವನ ಹಲ್ಲಿನಲ್ಲಿತ್ತು. ಗಂಗೊಳ್ಳಿಯವರು ಸ್ವಲ್ಪ ಹೊತ್ತು ನಿಂತು ನೋಡಿ, ಮಳೆಯ ಬಗ್ಗೆ ನಾಲ್ಕು ಮಾತಾಡಿ, ಹೋದರು.

ಅಕ್ಕಿಯ ಚೀಲ ಕೊಡಲೆಂದು ತವರಿಗೆ ಬಂದಿದ್ದ ಹರಿಣಾಕ್ಷಿ ಅದನ್ನೆಲ್ಲ ದೂರದಿಂದ ಕಂಡಳು. ಮಾರ್ಕೆಟಿನಲ್ಲಿದ್ದ ತಾಯಿಗೆ ಫೋನ್ ಮಾಡಿದಳು.

“ಅವ ಎಂತ ಹೇಳ್ದ?” ಎಂದಳು ಸರೋಜ.

“ಎಂತದೂ ಹೇಳ್ಲಿಲ್ಲ ಅಮ್ಮ. ದೋಣಿಗ್ ಮಡ್ಲ್ ಕಟ್ತಾ ಇದ್ದ.”

ಆ ಕಡೆಯಿಂದ ಮಾರ್ಕೆಟಿನ ಗದ್ದಲ ಮಾತ್ರ ಕೇಳುತ್ತಿತ್ತು. ಯಾರೋ ಬಂಗುಡೆಗೆ ದರ ಕೇಳುತ್ತಿದ್ದರು.

“ಮಡ್ಲ್ ಕಮ್ಮಿ ಆರೆ ಹಿತ್ಲಂಗ್ ಇನ್ನೂ ಇತ್ತ್ ಅಂದೇಳಿ ಹೇಳ್” ಎಂದಳು ಸರೋಜ. “ಒಣಗಿದ್ದನ್ನೇ ತಕಂಬುಕೆ ಹೇಳ್. ಹಸೀದ್ ಬ್ಯಾಡ.”